ಕಿಟಕಿಯ ಹೊರಗೆ ಕಟ್ಟಿದ ಗೋಣಿತಟ್ಟು

ಮಧ್ಯಾಹ್ನದ ಹೊತ್ತು ವಾಲುತ್ತಿದ್ದಂತೆ ನಮ್ಮ ಕೋಣೆ ಒಮ್ಮೆಲೇ ಕತ್ತಲಾಯಿತು. ಕಿಟಕಿಯ ಹೊರಗಿನಿಂದ ಯಾರೋ ಗೋಣಿತಟ್ಟು ಕಟ್ಟುತ್ತಿದ್ದರು. ತೊಡೆಯ ಮೇಲಿನ ಹಸುಗೂಸನ್ನು ಅವಚಿಕೊಂಡು, "ಯಾರದು?" ಎಂದು ಕೂಗಿದೆ.

"ನಾನವ್ವಾ, ಬಾಜೂ ಮನಿ ಗಂಗಕ್ಕ. ಬಿಸಿಲು ಒಳಗ ಬಂದಮ್ಯಾಲೆ ಪಡದಾ ಕಟ್ಟಿ ಏನ್ ಮಾಡ್ತಿ ತಂಗಿ? ಅದನ್ನ ಹೊರಗೇ ತಡೀಬೇಕು."

ನಾನು ದಂಗಾದೆ. ಬಾವಿಯ ನೀರಿನ ಪಾಳಿಗಾಗಿ ಜಗಳವಾಡಿ ನಾವಿಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

ಕಮರಿಪೇಟೆಯ ಆ ಕೋಣೆಗೆ ಇದ್ದದ್ದು ಪಡುವಣ ದಿಕ್ಕಿನ ಕಿಟಕಿ ಒಂದೇ. ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಬೆಂಕಿಯಂಥ ಬಿಸಿಲು. ಯುದ್ಧದ ದಿನಗಳು, ಅಂಗಡಿಯಲ್ಲಿ ಅರಿವೆಯೇ ಸರಿಯಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಹಳೆಯ ಸೀರೆಯೊಂದನ್ನು ಒಳಗೆ ಇಳಿಬಿಟ್ಟಿದ್ದೆ. ಆದರೂ ಕೂಸಿನ ಮೈತುಂಬ ಬೆವರುಗುಳ್ಳೆಗಳು ಎದ್ದಿದ್ದವು. ಮೂರು ದಿನದಿಂದ ಅದು ಒಂದೇ ಸಮನೆ ಅಳುತ್ತಿತ್ತು. ಆ ಅಳು ಗೋಡೆಯಾಚೆಗೂ ಕೇಳಿರಬೇಕು.

ಗಂಗಕ್ಕ ತಟ್ಟನ್ನು ಕಿಟಕಿಯಿಂದ ಗೇಣು ದೂರದಲ್ಲಿ ಎರಡು ಬಿದಿರು ಕೋಲುಗಳಿಗೆ ಬಿಗಿದು, ತನ್ನ ಮನೆಯ ಕೊಡದಿಂದಲೇ ಅದರ ಮೇಲೆ ನೀರು ಚಿಮುಕಿಸಿದಳು. ಸ್ವಲ್ಪ ಹೊತ್ತಿಗೆ ತಣ್ಣನೆಯ ಗಾಳಿ ಒಳಗೆ ಸುಳಿಯಿತು. ಕೂಸು ಅಳು ನಿಲ್ಲಿಸಿ ಸಂಜೆಯವರೆಗೂ ಮಲಗಿತು. ಎಷ್ಟೋ ದಿನಗಳ ಮೇಲೆ ನಾನೂ ನೆಮ್ಮದಿಯಿಂದ ಕಣ್ಣು ಮುಚ್ಚಿದೆ.

ಮಳೆ ಹಿಡಿದ ಮೇಲೆ, ತಟ್ಟನ್ನು ಮಡಚಿಕೊಂಡು ಕೂಸನ್ನೂ ಎತ್ತಿಕೊಂಡು ಆಕೆಯ ಮನೆಗೆ ಹೋದೆ. ಗಂಗಕ್ಕ ತಟ್ಟಿಗೆ ಕೈ ಚಾಚಲಿಲ್ಲ, ಕೂಸಿಗೆ ಚಾಚಿದಳು.