ಗಾಯರಾಣದಾಗ ಚರಗ

ಬಸ್ಸಿನ್ಯಾಗ ಸೀಟಿ ಊದಿ ಊದಿ ಮುದುಕ ಆದಾಂವ ನಾನು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಕಡೆ ಹೋರಾಟದ ಮಂದಿ ನನ್ನ ಬಸ್ ಹತ್ತಿ ಇಳದವರ. ಬ್ಯಾನರಿನ ಕಟ್ಟಿಗಿ ಮಂದಿ ಕಣ್ಣಿಗೆ ಚುಚ್ಚೂ ಹಂಗ ಹಿಡಕೊಂಡು ನಿಂದರತಿದ್ರು, ಬಾರಿಸೋ ಹಲಗಿ ತಂದು ಸೀಟಿನ ಮ್ಯಾಲ ಕುಂದರಸತಿದ್ರು. "ಹಲಗಿ ಕುಂತ್ರ ಹಲಗಿಗೂ ಟಿಕೆಟ್ ತಗಸ್ರಿ" ಅಂತ ನಾ ಜಗಳಾ ತಗೀತಿದ್ದೆ. ಈಗ ರಿಟೈರ್ ಆಗೇನಿ. ರೋಣದಾಗ ವಾರಪತ್ರಿಕಿ ನಡಸೋ ಮುನಾವರ ಒಂದಿನ ಬಂದು, "ಅಂದಾನಪ್ಪಣ್ಣ, ಆ ಮಂದಿನ್ನೆಲ್ಲಾ ಮಾತಾಡಿಸಿ ಬರದು ಕೊಡ್ರಿ, ನಿಮಗ ಎಲ್ಲಾರೂ ಗುರುತಿದ್ದವರ ಅದಾರ" ಅಂದ. ಮನ್ಯಾಗ ಕುಂತು ಹೆಂಡ್ತಿ ಕಡೆ ಬೈಸಿಕೊಳ್ಳೂದಕಿಂತ ಚಲೋ ಅಂತ ಸ್ಕೂಟರ್ ಹತ್ತಿದೆ.

ನರಗುಂದದಾಗ ನೀರಿನ ಹೋರಾಟದವರು ಚಹಾದ ಮ್ಯಾಲ ಚಹಾ ಕುಡಿಸಿ ಸಂಜಿತನಕ ಮಾತಾಡಿದ್ರು. ಗಜೇಂದ್ರಗಡದಾಗ ಗುಡ್ಡಕ್ಕ ಗಿಡಾ ಹಚ್ಚೋ ಮಾಸ್ತರು ನನ್ನ ಕೈಯಾಗ ಸಲಿಕಿ ಕೊಟ್ಟು, "ತಗ್ಗು ತೋಡಕೋಂತ ಕೇಳ್ರಿ" ಅಂದ್ರು. ಎರಡು ದಿನಾ ಸೊಂಟಾ ಹಿಡಕೊಂಡು ಮಲಗಿದ್ದೆ. ಆದ್ರ ಖರೇ ನನ್ನ ತಲಿ ಕೆಡಿಸಿದಾಕಿ ಅಂದ್ರ ಸಕ್ರವ್ವ.

ಸಕ್ರವ್ವ ಅಸೂಟಿ ಕಡೆ ಒಂದು ಸಣ್ಣ ಹಳ್ಳ್ಯಾಗ ಕೂಲಿ ಮಾಡಾಕಿ. ಅವರೂರ ಗಾಯರಾಣ, ಅಂದ್ರ ಊರ ದನಾ ಆಡು ಮೇಯೋ ಸರಕಾರಿ ಜಾಗಾ, ಹಳ್ಳದ ದಂಡಿಗೆ ಐತಿ. ಹೊರಗಿನ ಒಂದು ಕಂಪನಿಯವರು ಅಲ್ಲಿ ತಂತಿ ಬೇಲಿ ಹಾಕಿ ಸೋಲಾರ್ ಕುಂದರಸ್ತೇವಿ ಅಂತ ಕೇಳಿದ್ರು. ಎಳ್ಳ ಅಮಾಸಿ ಮರದಿನ ಗ್ರಾಮಸಭೆ. ಅಲ್ಲಿ ಊರು ಹೂಂ ಅಂದ್ರ ಗಾಯರಾಣ ಹೋತು. ಸಕ್ರವ್ವಗ ಹೊಲಾ ಇಲ್ಲ, ಗಂಡಾ ಇಲ್ಲ. ನಾಕು ಆಡು ಅದಾವ. ಅವು ಮೇಯೂದೂ ಅಲ್ಲೇ, ಆಕಿ ಒಲಿಗೆ ಜಾಲಿ ಕಟ್ಟಿಗಿ ಬರೂದೂ ಅಲ್ಲಿಂದ.

ಆಕಿ ಓಣಿ ಮಂದಿ ಎಲ್ಲಾ ಬ್ಯಾಡ ಅಂದಿದ್ರು. ಆದ್ರ ಹೊಲಾ ಇದ್ದ ಮಂದಿ ಬಾಯಿ ಬಿಡಲಿಲ್ಲ. ಊರ ಹಿರ್ಯಾ ಪ್ರಭುಲಿಂಗಪ್ಪ ಅಂತೂ, "ಕಂಪನ್ಯಾವರು ರಸ್ತಾ ಮಾಡಿ ಕೊಡ್ತಾರಂತ. ಇವರ ನಾಕು ಆಡಿನ ಸಲುವಾಗಿ ಬಿಡೂದೇನು?" ಅಂದಿದ್ನಂತ. ಆಂವ ಹಂಗಂದ್ರ ಮುಗೀತು, ಉಳದವರು ಗೋಣು ಹಾಕವರ.

ನಾ ಹೋದದ್ದು ಅಮಾಸಿ ಹಿಂದಿನ ದಿನ. ಸಕ್ರವ್ವ ಕಟ್ಟಿ ಮ್ಯಾಲ ಕುಂತು ಎಳ್ಳು ಹಸನ ಮಾಡಾಕತ್ತಿದ್ಲು. ನಾನು ಮುನಾವರ ಬರದು ಕೊಟ್ಟ ಪ್ರಶ್ನಿ ತಗದೆ. "ಪರಿಸರದ ಬಗ್ಗೆ ನಿಮ್ಮ ಕಾಳಜಿ ಯಾವಾಗ ಹುಟ್ಟಿತು?"

"ಅಯ್ಯ ಶಿವನ! ಯಾವ ಪುಣ್ಯಾತ್ಮ ಬರದು ಕೊಟ್ಟಾನ್ರಿ ಇದನ್ನ?" ಅಂದ್ಲು. "ಆಡು ಹಸದು ಒದರಿದಾಗ ಹುಟ್ಟೇತಿ ಅಂತ ಬರಕೋರಿ."

"ಅಲ್ಲಬೇ, ನಾಡದು ಸಭಾ ಐತಿ. ನೀ ಇಲ್ಲಿ ಎಳ್ಳು ಹಸನ ಮಾಡಕೋಂತ ಕುಂತಿ?"

"ನಾಳೆ ಗಾಯರಾಣಕ್ಕ ಚರಗಾ ಚೆಲ್ಲಬೇಕ್ರಿ ಕಂಡಕ್ಟರಣ್ಣಾ, ಅದಕ್ಕ."

ನನಗ ನಗಿ ತಡಿಯಾಕ ಆಗಲಿಲ್ಲ. ಎಳ್ಳ ಅಮಾಸಿಗೆ ಬೆಳಿ ಹೊತ್ತ ಭೂಮಿತಾಯಿ ಬಸುರಿ ಇರ್ತಾಳ ಅಂತ ನಾವು ಹೊಲಕ್ಕ ಬಯಕಿ ಊಟಾ ಒಯ್ಯತೇವಿ. ಅದs ಚರಗ. ಮುಂದ ಒಬ್ಬರು "ಹುಲಿಗ್ಯೋ" ಅಂತ ಕೂಗಿ ಅನ್ನಾ ಚೆಲ್ಲಬೇಕು, ಹಿಂದ ಒಬ್ಬರು ತಂಬಗಿ ಹಿಡದು ನೀರು ಹಾಕ್ಕೋಂತ ಬರಬೇಕು. ಹೊಲಾ ಇದ್ದ ಮನಿಯವರು ತಮ್ಮ ಹೊಲಕ್ಕ ಮಾಡೋ ಕೆಲಸಾ ಇದು. "ಹೊಲಾ ಇಲ್ಲದಾಕಿಗೆ ಎಲ್ಲೀ ಚರಗಾ ತಂದಿ?" ಅಂದೆ.

"ನಮ್ಮನ್ನ ಇಷ್ಟು ವರ್ಷ ಸಾಕಿದ ಭೂಮಿಗೆ ಬಯಕಿ ಇರೂದಿಲ್ಲೇನ್ರಿ?" ಅಂದ್ಲು. ನನ್ನ ನಗಿ ಅಲ್ಲೇ ನಿಂತಿತು.

ಮರದಿನಾ ಮುಂಜಾನೆ ನೋಡಿದೆ ಆಕಿ ಉಪಾಯಾ. ಅಮಾಸಿ ದಿನಾ ಹೊಲಾ ಇದ್ದ ಮನಿಯವರು ತಮ್ಮ ಹೊಲದಾಗ ದುಡಿಯೋ ಹೆಣ್ಣಮಕ್ಕಳಿಗೆ ಬುತ್ತಿ ಕೊಡೂದು ಆ ಊರ ಪದ್ಧತಿ. ಕಡಬು, ಶೇಂಗಾ ಹೋಳಿಗಿ, ಬದನಿಕಾಯಿ ಪಲ್ಯಾ, ಮೊಸರನ್ನ. ಆ ಹೆಣ್ಣಮಕ್ಕಳು ಅದನ್ನ ಉಣ್ಣದ, ಮನಿಗೆ ಒಯ್ಯದ, ತಂದು ತಂದು ಸಕ್ರವ್ವನ ದೊಡ್ಡ ಬುಟ್ಟಿಗೆ ಇಟ್ರು. ಊರಾಗಿನ ಒಂದು ಮನೀದೂ ಬಿಟ್ಟಿರಲಿಲ್ಲ. ಕಡೀಕೆ ಸಕ್ರವ್ವ ತಾ ಬಡದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಎಲ್ಲಾದರ ಮ್ಯಾಲ ಇಟ್ಟು ಬುಟ್ಟಿ ತಲಿ ಮ್ಯಾಲ ಹೊತ್ಲು.

ಗಾಯರಾಣದಾಗ ಬನ್ನಿಗಿಡದ ಬುಡಕ ಐದು ಕಲ್ಲಿಟ್ಟು ಪೂಜಿ ಮಾಡಿದ್ರು. ಬಾಜೂದಾಕಿ ಗುಡ್ಡವ್ವ ತಂಬಗಿ ಹಿಡದ್ಲು. ಸಕ್ರವ್ವ ಇನ್ನೇನು ಹುಲಿಗ್ಯೋ ಅನ್ನಬೇಕು, ಪ್ರಭುಲಿಂಗಪ್ಪನ ಟ್ರ್ಯಾಕ್ಟರ್ ಬಂದು ನಿಂತಿತು. ಅವರ ಹೊಲಕ್ಕ ಅದ ಹಾದಿ. ಆಂವ ಹಿಂದಿನ ಟ್ರಾಲ್ಯಾಗ ಕುಂತು ಮಂದಿ ಕೂಡ ನಗಾಕತ್ತಿದ್ದ. ಆದ್ರ ಇಳದು ಬಂದಾಕಿ ಆತನ ಹೆಂಡ್ತಿ ಸಿದ್ದಲಿಂಗವ್ವ. ಊರ ಮಂದಿ ಪ್ರಭುಲಿಂಗಪ್ಪಗ ಅಂಜತಾರ, ಪ್ರಭುಲಿಂಗಪ್ಪ ಆಕಿಗೆ ಅಂಜತಾನ. ಬಾಯಿ ಅಂದ್ರ ಬಾಯಿ.

"ಏನs ಸಕ್ರಿ, ಏನ್ ಆಟಾ ಹಚ್ಚೀರಿ ಇಲ್ಲೆ?" ಅಂತ ಒದರಕೋಂತ ಬಂದು ಬುಟ್ಟ್ಯಾಗ ಬಗ್ಗಿ ನೋಡಿದ್ಲು. "ಇವು ನಮ್ಮ ಮನಿ ಹೋಳಿಗಿ!"

"ಹೌದ್ರಿ ಅವ್ವಾರ. ಎಲ್ಲಾರ ಮನೀವೂ ಅದಾವ್ರಿ. ನಾವು ಬೇಡಿ ಕಸಗೊಂಡಿದ್ದಲ್ಲ, ನೀವ ಕೊಟ್ಟಿದ್ದು. ಊರ ಭೂಮಿಗೆ ಊರ ಅನ್ನಾ."

ಸಿದ್ದಲಿಂಗವ್ವ ಈಗ ಬುಟ್ಟಿ ಒದೀತಾಳ ಅಂತ ನಾ ಅಂದಕೊಂಡೆ. ಆಕಿ ಗುಡ್ಡವ್ವನ ಕೈಯಾಗಿನ ತಂಬಗಿ ಕಸಗೊಂಡ್ಲು. "ನಮ್ಮ ಮನಿ ಹೋಳಿಗಿ ಚೆಲ್ಲೂ ಮುಂದ ನೀರು ನಾ ಹಾಕಬ್ಯಾಡೇನು? ನಡಿ ಮುಂದ!" ಅಂದ್ಲು.

ಸಕ್ರವ್ವ "ಹುಲಿಗ್ಯೋ" ಅಂದ್ಲು. ಹಿಂದ ಸಿದ್ದಲಿಂಗವ್ವ ಆಕಿಗಿಂತಾ ಜೋರು ಒದರಿದ್ಲು. ಹಂಗ ಇಬ್ಬರೂ ಗಾಯರಾಣಾ ಸುತ್ತು ಹಾಕಿದ್ರು. ಟ್ರಾಲ್ಯಾಗಿನ ನಗಿ ಬಂದ್ ಆತು. ಹಾದಿಗೆ ಹೊಂಟ ಚಕ್ಕಡಿ ಎರಡು ನಿಂತು ಅದರಾಗಿನ ಹೆಣ್ಣಮಕ್ಕಳೂ ಇಳದು ಬಂದ್ರು.

ಚರಗ ಮುಗದಿಂದ ಉಳದದ್ದನ್ನ ಎಲ್ಲಾರೂ ಕುಂತು ಉಣ್ಣಬೇಕು. ಸಿದ್ದಲಿಂಗವ್ವ ಬುಟ್ಟಿಗೆ ಕೈ ಹಾಕಿ ಸಜ್ಜಿ ರೊಟ್ಟಿ ತಗೊಂಡ್ಲು.

"ಅವ್ವಾರ," ಅಂದ್ಲು ಸಕ್ರವ್ವ, "ಅದು ನಮ್ಮ ಮನೀದ್ರಿ. ನನ್ನ ಕೈದು."

ಸಕ್ರವ್ವನ ಓಣ್ಯಾಗ ಬೇಯಿಸಿದ್ದನ್ನ ಪ್ರಭುಲಿಂಗಪ್ಪನ ಮನಿಯವರು ಮುಟ್ಟಿದ್ದು ಯಾರೂ ನೋಡಿರಲಿಲ್ಲ. ಇಂಥಾದನ್ನ ಸುಮ್ಮನ ಬಿಟ್ಟಿದ್ರ ಹೋಗ್ತಿತ್ತು, ಯಾಕ ಹೇಳಿದ್ಲಪಾ ಈಕಿ ಅಂತ ನನಗ ಸಿಟ್ಟು ನೆತ್ತಿಗೇರಿತು. ಸಿದ್ದಲಿಂಗವ್ವ ರೊಟ್ಟಿ ನೋಡಿದ್ಲು, ಸಕ್ರವ್ವನ ಮಾರಿ ನೋಡಿದ್ಲು. ಆಮ್ಯಾಲ ಟಕ್ಕನ ಮುರದು ಬಾಯಾಗ ಹಾಕ್ಕೊಂಡ್ಲು. "ಎಳ್ಳು ಚಲೋ ಹಚ್ಚೀದಿ," ಅಂದ್ಲು ಅಗಿಯಕೋಂತ, "ಉಪ್ಪು ಕಡಿಮಿ ಬಿದ್ದೈತಿ."

ಗ್ರಾಮಸಭೆಗೆ ನಾನೂ ಹೋಗಿದ್ದೆ. ಸಭಾ ನಡಸಾಕ ಬಂದ ಸರಕಾರಿ ಸಾಹೇಬ್ರು ಎಲ್ಲಾ ಓದಿ ಹೇಳಿ, "ಯಾರದರೆ ತಕರಾರು ಐತೇನು?" ಅಂದ್ರು. ಸಕ್ರವ್ವ ಎದ್ದು ತನಗ ತಿಳದಂಗ ಹೇಳಿದ್ಲು. ಆಕಿ ಓಣಿಯವರು ಹೌದು ಹೌದು ಅಂದ್ರು. ಪ್ರಭುಲಿಂಗಪ್ಪ ಗಂಟಲಾ ಸರಿ ಮಾಡಕೊಂಡು, "ಅವರು ಹಂಗ ಅಂತಾರ್ರಿ, ಊರಿನ ಅಭಿಪ್ರಾಯ ಏನಂದ್ರ…" ಅಂತ ಸುರು ಮಾಡಿದ.

"ಊರಿನ ಅಭಿಪ್ರಾಯ ನಾ ಹೇಳತೇನಿ, ನೀವು ಕುಂದರ್ರಿ," ಅಂತ ಹಿಂದಿನಿಂದ ಸಿದ್ದಲಿಂಗವ್ವ ಎದ್ಲು. ಆಕಿ ಸಭೆಗೆ ಬಂದದ್ದ ಅದ ಮೊದಲು. "ಸಾಹೇಬ್ರ, ನಿನ್ನೆ ನಾವು ಆ ಭೂಮಿಗೆ ಬಯಕಿ ಊಟಾ ಹಾಕೇವಿ. ಬಯಕಿ ಊಟಾ ಹಾಕಿದ ಬಸುರಿ ಹೆಣ್ಣಮಗಳನ್ನ ಮರದಿನಾ ಮನಿ ಬಿಟ್ಟು ಹೊರಗ ಹಾಕತಾರೇನ್ರಿ ಯಾರರೆ?"

ಚರಗದ ಅನ್ನಾ ಉಂಡ ಹೆಣ್ಣಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತ್ರು, ಅವರ ಹಿಂದ ಅವರ ಗಂಡಂದಿರೂ ಏಳಬೇಕಾತು. ಪ್ರಭುಲಿಂಗಪ್ಪ ಹೆಂಡ್ತಿ ಮಾರಿ ನೋಡಿ ಸಾವಕಾಶ ಕೈ ಎತ್ತಿದ. ಗಾಯರಾಣಾ ಕೊಡೂದಿಲ್ಲ ಅಂತ ಠರಾವು ಆತು. ಕಂಪನಿಯವರು ಮತ್ತೊಂದು ದಾರಿ ಹುಡಕಿ ಬರತಾರೋ ಏನೋ, ಅದು ಬ್ಯಾರೆ ಮಾತು. ಅವತ್ತಿಗಂತೂ ನನಗ ಕುಣೀಬೇಕು ಅನ್ನೂವಷ್ಟು ಖುಷಿ ಆಗಿತ್ತು.

ಹೊರಗ ಬಂದಿಂದ ಸಕ್ರವ್ವನ್ನ ಹಿಡದು ನಿಲ್ಲಿಸಿದೆ. "ಗೆದ್ದಿ ನೋಡಬೇ! ಗಾಯರಾಣಾ ಉಳೀತು ಅಂತ ದೊಡ್ಡ ಅಕ್ಷರದಾಗ ಹಾಕಸ್ತೇನಿ. ನಿಂದೊಂದು ಮಾತು ಹೇಳು."

ಆಕಿ ಸೆರಗಿನಿಂದ ಕಣ್ಣು ಒರಸ್ಕೊಂಡ್ಲು. "ಗಾಯರಾಣದ್ದು ಆಮ್ಯಾಲ ಬರೀರಿ, ಕಂಡಕ್ಟರಣ್ಣಾ," ಅಂದ್ಲು. "ಸಿದ್ದಲಿಂಗವ್ವಾರು ನನ್ನ ಕೈ ರೊಟ್ಟಿ ಉಂಡ್ರು. ಅದನ್ನ ಮೊದಲ ಬರೀರಿ."