ಸೀಸದ ನಳ ಹುಡುಕಿಕೊಟ್ಟ ಅಜ್ಜ

ಕುಡಿಯುವ ನೀರಿನ ಹಳೆಯ ಸೀಸದ ಪೈಪುಗಳನ್ನೆಲ್ಲ ಬದಲಿಸಬೇಕೆಂಬ ನಿಯಮವೇನೋ ಬಂತು. ಆದರೆ ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಅವು ಎಲ್ಲೆಲ್ಲಿವೆ ಎಂಬುದು ಗೊತ್ತಿದ್ದದ್ದು, ಹಿಂದೆ ಅವನ್ನು ಹೂತಿದ್ದ ನಳದ ಕೆಲಸದ ಅಜ್ಜನೊಬ್ಬನಿಗೇ. ಅವನಿಗೆ ಮೊಣಕಾಲು ನೋವು. ಹಾಗಾಗಿ ತರಕಾರಿ ಬಂಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೊರಟೆವು. ರುಮಾಲು ಸುತ್ತಿ ಮದುಮಗನಂತೆ ಕುಳಿತ ಅಜ್ಜ ಕೋಲು ಚಾಚಿ, "ಅಗೀರಿ, ನಾ ಅದೀನಿ!" ಎನ್ನುತ್ತಿದ್ದ. ಅಗೆದಲ್ಲೆಲ್ಲ ಪೈಪು ಸಿಗುತ್ತಿತ್ತು; ಹಿಂದಿದ್ದವರು ಸೀಟಿ ಹೊಡೆಯುತ್ತಿದ್ದರು.

ನಮ್ಮ ಮನೆಯಲ್ಲಿ ಕೋಲು ನಿಂತದ್ದು ಅವ್ವ ಹೊಸದಾಗಿ ಹಾಕಿಸಿದ್ದ ಟೈಲ್ಸ್ ಮೇಲೆ.

"ಸಿಗಲಿಲ್ಲಂದ್ರ ನಿನ್ನ ಮೀಸಿ ಕತ್ತರಸ್ತೀನಿ ನೋಡಜ್ಜಾ," ಎಂದಳು ಅವ್ವ.

"ಕತ್ತರಸವ್ವಾ. ಅಗೀರಿ, ನಾ ಅದೀನಿ!"

ಅಗೆದರೆ ಬರೀ ಮಣ್ಣು. ಅವ್ವ ನಿಜವಾಗಿಯೂ ಕತ್ತರಿ ತಂದಳು. ಅಜ್ಜ ಪಿಳಿಪಿಳಿ ನೋಡಿ, "ನಿಮ್ಮ ಬಚ್ಚಲ ಮೊದಲಿದ್ದಲ್ಲೇ ಐತೇನು?" ಎಂದ.

"ಇಲ್ಲ, ಎರಡು ಮಾರು ಸರಸೀವಿ," ಎಂದು ಅವ್ವ ನಾಲಿಗೆ ಕಚ್ಚಿಕೊಂಡಳು.

ಎರಡು ಮಾರು ಆಚೆ ಪೈಪು ಸಿಕ್ಕಿತು. ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜ ಮಾತ್ರ ಬಂಡಿಯಿಂದಿಳಿದು ಪೈಪನ್ನು ಉಗುರಿನಿಂದ ಗೀರಿದ. ಬೆಳ್ಳಿಯಂತೆ ಹೊಳೆಯಿತು.

"ಛಲೋ ಮಾಲು ಅಂತ ನಾನ ಹಾಕಿದ್ದೆ. ಕೂಸುಗಳಿಗೆ ವಿಷ ಅಂತ ಗೊತ್ತಿರಲಿಲ್ಲವ್ವಾ," ಎಂದ.

ಸಂಜೆ ಹೊಸ ಪೈಪಿನಲ್ಲಿ ನೀರು ಬಂದಾಗ ಅವ್ವ ಮೊದಲ ತಂಬಿಗೆಯನ್ನು ಅಜ್ಜನಿಗೇ ಕೊಟ್ಟಳು. ಅವನು ಅದನ್ನು ಮೂರು ವರ್ಷದ ನನ್ನ ಮಗಳ ಬಾಯಿಗೆ ಹಿಡಿದ. ಅವಳು ಗಟಗಟ ಕುಡಿಯುತ್ತಿದ್ದರೆ, ನುಂಗುತ್ತಿರುವವನು ತಾನೇ ಎಂಬಂತೆ ಅಜ್ಜನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.