ಮೆರೂನ್ ನೈಲ್ ಪಾಲಿಶ್

ಇವತ್ತು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಕಣ್ರೇ.

ಕೊಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಫ್ಯಾನ್ಸಿ ಸ್ಟೋರಿಗೆ, ಕಮ್ಮರಡಿಯಿಂದ ಕಾಲೇಜಿಗೆ ಬರುವ ಹುಡುಗಿಯೊಬ್ಬಳು ಬಂದು ಮತ್ತೆ ಮೆರೂನ್ ನೈಲ್ ಪಾಲಿಶ್ ಕೇಳಿದಳು. ಈ ತಿಂಗಳಲ್ಲಿ ಇದು ಎರಡನೆಯದು. ಮಧ್ಯಾಹ್ನ ಬರೀ ಒಂದು ಬನ್ ತಿಂದು ಬಸ್ಸಿಗೆ ಕಾಯುವವಳು ಅವಳು, ದಿನಾ ನೋಡುತ್ತೇನೆ. ನನಗೆ ರೇಗಿಹೋಯಿತು.

“ಊಟ ಬಿಟ್ಟು ಉಗುರಿಗೆ ಬಣ್ಣ ಬಳ್ಕೊಳ್ಳೋದು ಎಂತಕ್ಕೆ ಮಾರಾಯ್ತಿ? ಸ್ವಲ್ಪ ಉಳಿಸೋದು ಕಲಿ,” ಅಂದೆ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು.

ಅವಳು ಎಡಗೈಯನ್ನು ಗಾಜಿನ ಮೇಲಿಟ್ಟಳು. ಬಣ್ಣವಿಲ್ಲದ ಉಗುರೆಲ್ಲ ಕಪ್ಪು.

“ಬೆಳಿಗ್ಗೆ ಅಡಿಕೆ ಸುಲಿದು ಬರ್ತೀನಕ್ಕ. ಎಂತ ಮಾಡಿದ್ರೂ ಈ ಕಲೆ ಹೋಗಲ್ಲ. ಉತ್ತರ ಗೊತ್ತಿದ್ರೂ ಕ್ಲಾಸಲ್ಲಿ ಕೈ ಎತ್ತಕ್ಕೆ ನಾಚಿಕೆ ಆಗ್ತದೆ.”

“ಮತ್ತೆ ಈ ಕೈಗೆ ಯಾಕೆ ಹಚ್ಚಿಲ್ಲ?”

“ಎತ್ತೋದು ಬಲಗೈ ಅಲ್ವಾ? ಸುಲಿಯುವಾಗ ಕಿತ್ತು ಹೋಗ್ತದೆ, ದಿನಾ ಹಚ್ಬೇಕು. ಒಂದೇ ಕೈಗಾದ್ರೆ ಬಾಟ್ಲಿ ಇನ್ನೊಂದು ವಾರ ಬರ್ತದೆ.”

ದುಡ್ಡು ಕೊಟ್ಟಳು. ಎಡಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಹೋದಳು.

ಉಳಿಸೋದು ಕಲಿ ಅಂತ ನಾನು ಹೇಳಿದ್ದು ಇವಳಿಗೆ.